ಓರೆ ಸ್ಟೀರಿಂಗ್

ಎಪ್ಪತ್ತರ ದಶಕದ ಮಾತು. ನಮ್ಮ ಜೀಪಿನ ಹಾರ್ನ್ ಒತ್ತಿದರೆ ಸುಮ್ಮನಿದ್ದು, ತಿರುವು ಬಂದಾಗ ತಾನೇ ಕೂಗತೊಡಗಿತ್ತು. ಕುರಿಗಳಿಗೆ ಸೂಜಿ ಹಾಕಲು ಊರೂರು ಅಲೆಯುವ ನನಗೆ ಇದು ದೊಡ್ಡ ತಲೆನೋವು. ಮಂದೆ ಬೆದರಿ ಚದುರಿದರೆ ಆ ದಿನದ ಕೆಲಸ ಕೆಟ್ಟಂತೆಯೇ.

ಹಿರಿಯೂರಿನ ಮೆಕ್ಯಾನಿಕ್ ಇಮಾಮ್ ಸಾಬರು ಮೊದಲು ಬ್ಯಾಟರಿಯ ವೈರು ಕಳಚಿದರು. ಹಾರ್ನಿನ ವೈರು ಇರುವುದು ಸ್ಟೀರಿಂಗ್ ಚಕ್ರದ ಅಡಿಗೆ; ಚಕ್ರ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಅದನ್ನು ಮತ್ತೆ ಅದೇ ಜಾಗಕ್ಕೆ ಕೂರಿಸಲು ಗುರುತು ಬೇಕಲ್ಲ. ಚಕ್ರದ ಮೇಲಿದ್ದ ಪೂಜೆಯ ಕುಂಕುಮವನ್ನೇ ಬೆರಳಿಗೆ ತೆಗೆದುಕೊಂಡು, ಚಕ್ರಕ್ಕೂ ಒಳಗಿನ ಕಂಬಿಗೂ ಸೇರಿಸಿ ಒಂದು ಗೆರೆ ಎಳೆದರು. ಆಮೇಲೆ ಚಕ್ರ ಬಿಚ್ಚಿ, ಸವೆದ ವೈರು ಬದಲಿಸಿ, ಚಾ ಕುಡಿಯಲು ಹೋದರು.

ಅಷ್ಟರಲ್ಲಿ ನಮ್ಮ ಡ್ರೈವರ್ ತಿಪ್ಪೇಸ್ವಾಮಿ ಚಕ್ರವನ್ನೂ ಕಂಬಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡಕ್ಕೂ ಹೊಸ ಕುಂಕುಮ ಇಟ್ಟು, ಊದುಬತ್ತಿ ಬೆಳಗಿದ್ದ. ಸಾಬರು ಬಂದು ಆ ಕುಂಕುಮವನ್ನೇ ತಮ್ಮ ಗುರುತೆಂದು ನಂಬಿ ಚಕ್ರ ಕೂರಿಸಿ ಬಿಗಿದರು. ರಸ್ತೆಗಿಳಿದರೆ ಹಾರ್ನ್ ಸರಿಯಾಗಿದೆ, ಜೀಪೂ ನೆಟ್ಟಗೆ ಹೋಗುತ್ತಿದೆ, ಸ್ಟೀರಿಂಗ್ ಮಾತ್ರ ಓರೆ.

"ಗುರುತು ಯಾಕ್ ಅಳಿಸ್ದೆ ತಿಪ್ಪಣ್ಣ?"

"ಕುಂಕುಮ ಮಾಸಿತ್ತು ಸಾಬ್ರೇ. ಹಂಗೇ ಬಿಡಾಕಾಗ್ತೈತಾ?"

"ಇಳಿ, ಇನ್ನೊಂದ್ಸಲ ಬಿಚ್ಚಾಣ."

"ಪೂಜೆ ಆಗೈತೆ. ಇವತ್ತು ಬಿಚ್ಚಂಗಿಲ್ಲ."

ಸಾಬರು ವಾದಕ್ಕಿಳಿಯಲಿಲ್ಲ. ಇನ್ನೊಬ್ಬನ ಪೂಜೆಯ ಮೇಲೆ ಸ್ಪ್ಯಾನರ್ ಇಡಲು ಅವರಿಗೆ ಮನಸ್ಸಾಗಲಿಲ್ಲವೇನೋ. ಚಕ್ರವನ್ನು ಜಗ್ಗಿ ನೋಡಿ, "ಭದ್ರ ಐತೆ ಸಾರ್, ಹೋಗ್ಬರ್ರಿ" ಎಂದರು.

ತಿಪ್ಪೇಸ್ವಾಮಿಯ ಆ 'ಇವತ್ತು' ವರ್ಷಗಟ್ಟಲೆ ಮುಗಿಯಲಿಲ್ಲ. ಹೊಳಲ್ಕೆರೆ ರಸ್ತೆಗೆ ತಿರುಗುವಾಗ ಮಾತ್ರ ನಮ್ಮ ಚಕ್ರ ನೆಟ್ಟಗಾಗುತ್ತಿತ್ತು. ಈಗಲೂ ಯಾರದಾದರೂ ಗಾಡಿಯಲ್ಲಿ ಸ್ಟೀರಿಂಗ್ ನೆಟ್ಟಗಿದ್ದರೆ, ಇದು ಇನ್ನೇನು ಹೊಳಲ್ಕೆರೆ ಕಡೆ ತಿರುಗುತ್ತದೆ ಎಂದು ನಾನು ಸೀಟಿನ ಅಂಚು ಹಿಡಿದುಕೊಳ್ಳುತ್ತೇನೆ.