ನೂರಕ್ಕೆ ನೂರು ಪಡೆದ ಹದಿನಾಲ್ಕು ಮಂದಿ

ಗೇಟಿನ ಮೇಲಿನ ಫಲಕದಲ್ಲಿ ‘ಹಿರಿಯರ ನಿವಾಸ’ ಎಂದು ಬರೆದಿದೆ. ಬೀದಿಯವರು ವೃದ್ಧಾಶ್ರಮ ಎನ್ನುತ್ತಾರೆ. ಒಳಗೆ ದುಡಿಯುವವರು ಬರೀ ‘ಮನೆ’ ಎನ್ನುತ್ತಾರೆ. ದೊಡ್ಡಕ್ಕ ಆ ಮನೆಗೆ ಕಾಲಿಟ್ಟು ಹತ್ತೊಂಬತ್ತು ವರ್ಷವಾಯಿತು. ಬಂದದ್ದು ನೆಲ ಒರೆಸಲು. ಆಮೇಲೆ ಆಯಾ ಆದಳು, ಈಗ ಹದಿನಾಲ್ಕು ಆಯಾಗಳ ಮೇಲ್ವಿಚಾರಕಿ. ಅವಳನ್ನು ಯಾರೂ ತರಗತಿಯಲ್ಲಿ ಕೂರಿಸಿ ಪಾಠ ಹೇಳಿದವರಿಲ್ಲ. ಹಾಸಿಗೆ ಹಿಡಿದವರನ್ನು ಬೆನ್ನು ಹುಣ್ಣಾಗದಂತೆ ಹೊರಳಿಸುವುದನ್ನು ಒಬ್ಬ ಮುದಿ ನರ್ಸು ಅವಳ ಎರಡೂ ಕೈ ಹಿಡಿದು, “ಅಲ್ಲಲ್ಲ, ಇಲ್ಲಿ ಹಿಡಿ” ಎಂದು ಗದರಿ ಕಲಿಸಿದ್ದಳು. ಆ ಗದರಿಕೆಯನ್ನು ದೊಡ್ಡಕ್ಕ ಇವತ್ತಿಗೂ ಮರೆತಿಲ್ಲ.

ಈಗ ಕಲಿಕೆ ಬೇರೆ ಥರ. ಮುಖ್ಯ ಕಚೇರಿಯವರು ವರ್ಷಕ್ಕೊಮ್ಮೆ ಕಂಪ್ಯೂಟರಿನಲ್ಲಿ ಕೋರ್ಸುಗಳ ಪಟ್ಟಿ ಕಳಿಸುತ್ತಾರೆ. ಅದರಲ್ಲಿ ಒಂದೇ ಒಂದನ್ನು ಆರಿಸಿ ಶುಕ್ರವಾರದೊಳಗೆ ತಿಳಿಸಬೇಕು. ಈ ಸಲ ಪಟ್ಟಿಯಲ್ಲಿ ಮೂವತ್ತೊಂದಿದ್ದವು. ‘ನಗುಮುಖದ ಸೇವೆ’, ‘ಕೈ ತೊಳೆಯುವ ಸರಿಯಾದ ವಿಧಾನ’, ‘ಒತ್ತಡವನ್ನು ಗೆಲ್ಲುವುದು ಹೇಗೆ’. ಕೊನೆಯದನ್ನು ಪಾಳಿ ಮುಗಿದ ಮೇಲೆ ಮನೆಗೆ ಹೋಗದೆ ಕೂತು ಮುಗಿಸಬೇಕಂತೆ.

ದೊಡ್ಡಕ್ಕನಿಗೆ ಬೇಕಾಗಿದ್ದದ್ದು ಇಪ್ಪತ್ತಾರನೆಯದು: ‘ನುಂಗಲು ಕಷ್ಟಪಡುವವರಿಗೆ ಊಟ ಮಾಡಿಸುವುದು. ಎರಡು ದಿನ. ತರಬೇತಿ ಕೊಡುವವರು ಖುದ್ದಾಗಿ ಬರುತ್ತಾರೆ.’

ಅದು ಬೇಕಾಗಿದ್ದದ್ದು ಟೈಲರ್ ಅಜ್ಜನಿಗಾಗಿ. ಎಂಬತ್ತರ ಅಂಚಿನ ಆತ ಸೂಜಿ ಬಿಟ್ಟು ಎಷ್ಟೋ ವರ್ಷವಾಗಿತ್ತು, ಕಣ್ಣು ಮಾತ್ರ ಈಗಲೂ ಅಳತೆ ತೆಗೆಯುತ್ತಿತ್ತು. “ನಿನ್ನ ಎಡ ಹೆಗಲು ಅರ್ಧ ಇಂಚು ಇಳಿದಿದೆಯಮ್ಮ, ಬಕೆಟ್ ಎತ್ತೋ ಕೈ ಬದಲಾಯ್ಸು” ಎನ್ನುತ್ತಿದ್ದ. ಆ ವರ್ಷ ಆತನ ಎದೆಯಲ್ಲಿ ಎರಡು ಸಲ ಸೋಂಕಾಗಿತ್ತು. ವಾರಕ್ಕೊಮ್ಮೆ ಬರುವ ಡಾಕ್ಟರು ದೊಡ್ಡಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: “ಊಟ ಹೊಟ್ಟೆಗೆ ಹೋಗೋ ಬದಲು ಶ್ವಾಸನಾಳಕ್ಕೆ ಇಳೀತಿದೆ. ನಿಮ್ಮವರಿಗೆ ತಿನ್ಸೋಕೆ ಬರಲ್ಲ. ಇನ್ನೊಂದ್ಸಲ ಹೀಗಾದ್ರೆ ಬಾಯಿಂದ ಊಟ ಬಂದ್. ಮೂಗಿಗೆ ನಳಿಕೆ ಹಾಕ್ತೀನಿ.”

ಅಜ್ಜನಿಗೆ ಅದು ಕೇಳಿಸಿತ್ತು. “ನಾಲಿಗೆಯೊಂದಾದ್ರೂ ನನ್ನ ಹತ್ರ ಇರ್ಲಿ ಕಣಮ್ಮ” ಎಂದಿದ್ದ.

ದೊಡ್ಡಕ್ಕ ಇಪ್ಪತ್ತಾರರ ಮುಂದೆ ಗುರುತು ಹಾಕಿದಳು. ಕೆಂಪಕ್ಷರ ಮೂಡಿತು: ‘ನಿಮ್ಮ ಸಿಬ್ಬಂದಿ ಈ ವಿಷಯದಲ್ಲಿ ಈಗಾಗಲೇ ತರಬೇತಿ ಪಡೆದಿದ್ದಾರೆ. ಇನ್ನೆರಡು ವರ್ಷ ಅವಕಾಶವಿಲ್ಲ.’

ಮತ್ತೆ ಹಾಕಿದಳು. ಮತ್ತೆ ಅದೇ. ಮುಖ್ಯ ಕಚೇರಿಗೆ ಫೋನ್ ಮಾಡಿದಳು. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

“ಹೋದ ವರ್ಷವೇ ಆಗಿದೆ ಮೇಡಂ. ಹದಿನಾಲ್ಕು ಜನ, ಎಲ್ರಿಗೂ ನೂರಕ್ಕೆ ನೂರು. ಇಲ್ಲಿ ನಿಮ್ಮನ್ನೇ ಮಾದರಿ ಅಂತ ತೋರಿಸ್ತೀವಿ.”

“ಮಾದರಿ ಆಮೇಲೆ ಆಗೋಣಮ್ಮ. ನಮ್ಮವರಿಗೆ ತಿನ್ಸೋಕೆ ಬರಲ್ಲ.”

“ಬರುತ್ತೆ ಮೇಡಂ. ಇಲ್ಲಿ ಬರುತ್ತೆ ಅಂತಿದೆ.”

ಫೋನ್ ಇಟ್ಟ ಮೇಲೆ ಅವಳಿಗೆ ನೆನಪಾಯಿತು. ಕಳೆದ ವರ್ಷ ಅರ್ಧಕ್ಕರ್ಧ ಆಯಾಗಳು ಜ್ವರ ಬಂದು ಮಲಗಿದ್ದ ವಾರ. ಇದೇ ವಿಷಯದ ಪಾಠ ಕಂಪ್ಯೂಟರಿನಲ್ಲಿ ಬಂದಿತ್ತು, ಗಡುವು ಮರುದಿನಕ್ಕಿತ್ತು. ಎಲ್ಲರ ಪಾಸ್‌ವರ್ಡುಗಳನ್ನೂ ಒಂದು ಚೀಟಿಯಲ್ಲಿ ಬರೆದು ಮಿಂಚುವಿನ ಕೈಗೆ ಕೊಟ್ಟವಳು ದೊಡ್ಡಕ್ಕನೇ. ಬೆರಳು ಓಡುವ ವೇಗಕ್ಕೆ ಆ ಆಯಾಳಿಗೆ ಬಿದ್ದ ಹೆಸರದು. ಮಿಂಚು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಹದಿನಾಲ್ಕು ಜನರ ಪಾಠ ಓಡಿಸಿ, ಮೊದಲ ಪರೀಕ್ಷೆಯ ಉತ್ತರಗಳನ್ನು ಅಂಗೈಯಲ್ಲಿ ಬರೆದುಕೊಂಡು ಉಳಿದ ಹದಿಮೂರನ್ನೂ ಬರೆದು ಮುಗಿಸಿದ್ದಳು. ‘ಕಲಿತಿದ್ದಾರೆ’ ಎಂಬ ಹಾಳೆಗೆ ದೊಡ್ಡಕ್ಕ ಕಣ್ಣು ಮುಚ್ಚಿ ಸಹಿ ಹಾಕಿದ್ದಳು.

ಹೋಗಿ ಹೇಳಿದರೆ ನಿವಾಸದ ಮ್ಯಾನೇಜರ್ ತಲೆಯೆತ್ತದೆ ಕೇಳಿಸಿಕೊಂಡರು.

“ಕಲಿತಿದ್ದಾರೆ ಅಂತ ನೀವೇ ಸಹಿ ಹಾಕಿದ್ದೀರಿ. ಕಲಿತಿಲ್ಲ ಅಂತ ಈಗ ನೀವೇ ಹೇಳ್ತೀರಿ. ಎರಡರಲ್ಲಿ ಯಾವ ದೊಡ್ಡಕ್ಕನ್ನ ನಂಬ್ಲಿ?”

“ಈಗ ನಿಂತಿದ್ದಾಳಲ್ಲ ಸಾರ್, ಇವಳನ್ನ.”

“ನಗುಮುಖದ ಸೇವೆ ತಗೊಳ್ಳಿ. ಯಾರೂ ಬರಬೇಕಿಲ್ಲ, ಕಂಪ್ಯೂಟರಲ್ಲೇ ಆಗುತ್ತೆ. ಹೇಗೂ ಮಿಂಚು ಇದ್ದಾಳೆ.”

ಅವರು ತಮಾಷೆಗೆ ಹೇಳಿದ್ದಲ್ಲ. ದೊಡ್ಡಕ್ಕನ ಮೈ ಉರಿದುಹೋಯಿತು. ಉರಿಯಲ್ಲಿ ಅರ್ಧ ಅವರ ಮೇಲಿನದು, ಅರ್ಧ ತನ್ನ ಮೇಲಿನದು. ಹಾಗಾಗಿ ಬಾಯಿಗೆ ಬಂದದ್ದನ್ನು ಅಂದು ಹಗುರಾಗುವಂತೆಯೂ ಇರಲಿಲ್ಲ.

ಸಂಜೆ ತನ್ನ ಮನೆಯ ಅಡುಗೆಮನೆಯಲ್ಲಿ ಎಲ್ಲವನ್ನೂ ಹೇಳಿಕೊಂಡಳು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಕೈಗೆ ಅಂಟಿದ ಗ್ರೀಸನ್ನು ಸೋಪಿನಿಂದ ಉಜ್ಜುತ್ತಲೇ ಕೇಳಿದ.

“ಸುಳ್ಳು ಸಹಿ ಅಂತ ಬರೆದುಕೊಟ್ರೆ ಕೆಲಸ ಉಳಿಯುತ್ತಾ?”

“ಗೊತ್ತಿಲ್ಲ ರೀ.”

“ನಾನೂ ಲಿಫ್ಟ್ ನೋಡದೇನೇ ನೋಡಿದೀನಿ ಅಂತ ಬರೆದಿದೀನಿ ಕಣೆ, ಒಂದೆರಡು ಸಲ.”

“ಆ ಲಿಫ್ಟಲ್ಲಿ ನನ್ನನ್ನ ಕೂರಿಸ್ಬೇಡಪ್ಪ,” ಎಂದರು ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ. ಆಮೇಲೆ ಸೊಸೆಯತ್ತ ತಿರುಗಿದರು. “ನೀವುಗಳು ಕಲಿಯೋ ಹೊತ್ತಿಗೆ ನಾನೇ ಅಲ್ಲಿ ಸೇರ್ಕೊಂಡಿರ್ತೀನಿ. ಬರೆದು ಬಿಸಾಕಮ್ಮ. ಗಂಟಲಿಗೆ ಸಿಕ್ಕಿಸ್ಕೊಂಡು ಸಾಯೋ ಆಸೆ ನನಗಿಲ್ಲ.”

ಗುರುವಾರ ಬೆಳಿಗ್ಗೆ ಅವಳು ಬರೆಯಲು ಕೂತಾಗ ಮಿಂಚು ಬಾಗಿಲಲ್ಲಿ ನಿಂತಳು.

“ಅಕ್ಕಾ, ನನ್ನ ಹೆಸರು...”

“ನಿನ್ನ ಹೆಸರು ಇಲ್ಲ ಕಣೇ. ಚೀಟಿ ಕೊಟ್ಟಿದ್ದು ನಾನು.”

“ಹೋದ ವರ್ಷ ಇವರೆಲ್ಲ ನನಗೆ ಚಪ್ಪಾಳೆ ತಟ್ಟಿದ್ರಲ್ಲಕ್ಕ.”

“ನಾನೂ ತಟ್ಟಿದ್ದೆ. ಈಗ ಹೋಗು, ಅಜ್ಜನ ಹಾಸಿಗೆ ಒದ್ದೆಯಾಗಿದೆಯಾ ನೋಡು.”

ಪತ್ರ ಅರ್ಧ ಪುಟವಾಯಿತು. ಯಾರೂ ಪಾಠ ನೋಡಿಲ್ಲ, ಯಾರೂ ಪರೀಕ್ಷೆ ಬರೆದಿಲ್ಲ, ಸಹಿ ನನ್ನದು, ದಯವಿಟ್ಟು ಕಲಿಸುವವರನ್ನು ಕಳಿಸಿ. ಮ್ಯಾನೇಜರ್ ಅದನ್ನು ಮುಟ್ಟಲೊಪ್ಪಲಿಲ್ಲ. ಅವಳೇ ಕಳಿಸಿದಳು.

ಉತ್ತರಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರವೂ ಟೈಲರ್ ಅಜ್ಜ ಕೆಮ್ಮಿದಾಗಲೆಲ್ಲ ದೊಡ್ಡಕ್ಕ ಊಟದ ಕೋಣೆಗೆ ಓಡುತ್ತಿದ್ದಳು. ಓಡಿ ಹೋಗಿ ಏನು ಮಾಡಬೇಕೆಂದು ಮಾತ್ರ ಅವಳಿಗೂ ತಿಳಿದಿರಲಿಲ್ಲ. ಬೆನ್ನು ತಟ್ಟುವಳು, ನೀರು ಕೊಡುವಳು, ನೀರಿಗೆ ಅಜ್ಜ ಇನ್ನೂ ಹೆಚ್ಚು ಕೆಮ್ಮುವನು.

ಕೊನೆಗೆ ಉತ್ತರ ಬಂತು. ಹದಿನಾಲ್ಕು ಪ್ರಮಾಣಪತ್ರಗಳೂ ರದ್ದು. ದೊಡ್ಡಕ್ಕ ಆರು ತಿಂಗಳು ಮೇಲ್ವಿಚಾರಣೆ ಬಿಟ್ಟು ಆಯಾ ಆಗಿ ದುಡಿಯಬೇಕು. ಕೋರ್ಸು ಮಂಜೂರಾಗಿದೆ, ಆದರೆ ಎರಡು ದಿನದ ಬದಲು ಒಂದೇ ದಿನ. ಕೆಲಸ ನಿಲ್ಲಬಾರದಾದ್ದರಿಂದ ಹದಿನಾಲ್ಕರಲ್ಲಿ ಎಂಟು ಜನರಿಗೆ ಮಾತ್ರ.

“ಉಳಿದ ಆರು ಜನರ ಕೈಯಲ್ಲಿ ಊಟ ಮಾಡೋರು ಏನ್ ಪಾಪ ಮಾಡಿದ್ರು?” ಎಂದು ಅವಳು ಕೇಳಿದಳು. ಮ್ಯಾನೇಜರ್ ಆಗಲೇ ಬೇರೆ ಫೋನಿನಲ್ಲಿದ್ದರು.

ಕಲಿಸಲು ಬಂದಾಕೆ ಕುಳ್ಳಗಿನ, ಗಟ್ಟಿ ದನಿಯ ಹೆಂಗಸು. ಚೀಲದ ತುಂಬ ಚಮಚಗಳು. ಪಾಠ ಶುರು ಮಾಡುವ ಮುಂಚೆ ಅಂದಳು: “ದಿನಾ ಹೇಗೆ ತಿನ್ನಿಸ್ತೀರೋ ಹಾಗೇ ತೋರಿಸಿ. ನೀವು ಅಜ್ಜಿ, ನೀವು ಆಯಾ.”

ಅಜ್ಜಿಯಾಗಿ ಕೂತದ್ದು ದೊಡ್ಡಕ್ಕ. ಮಿಂಚು ಬಟ್ಟಲು ಹಿಡಿದು ಎಂದಿನಂತೆ ಪಕ್ಕದಲ್ಲಿ ನಿಂತಳು. ಚಮಚ ಮೇಲಿನಿಂದ ಇಳಿದು ಬರುತ್ತಿತ್ತು. ಅದನ್ನು ನೋಡಲು ದೊಡ್ಡಕ್ಕ ಕತ್ತು ಹಿಂದಕ್ಕೆ ಬಾಗಿಸಿ ಬಾಯಿ ತೆರೆಯಬೇಕಾಯಿತು. ಮೊದಲನೆಯದು ಇಳಿಯುವ ಮುಂಚೆ ಎರಡನೆಯದು, ಅದರ ಹಿಂದೆಯೇ ಮೂರನೆಯದು. ನಾಲ್ಕನೆಯದು ಗಂಟಲಲ್ಲಿ ಸಿಕ್ಕಿಕೊಂಡಿತು. ಐವತ್ತೆರಡು ವರ್ಷದ ಗಟ್ಟಿಮುಟ್ಟು ಹೆಂಗಸು, ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದಳು. ಯಾರೂ ನಗಲಿಲ್ಲ.

“ತಪ್ಪು ಕೈಯಲ್ಲಿಲ್ಲ, ಕಾಲಲ್ಲಿದೆ,” ಎಂದಳು ಕಲಿಸುವಾಕೆ. “ಕೂತ್ಕೊಳ್ಳಿ. ಅವರ ಕಣ್ಣಿನ ಮಟ್ಟಕ್ಕೆ ಬನ್ನಿ. ಗದ್ದ ಒಂಚೂರು ಕೆಳಗಿರ್ಲಿ. ಅರ್ಧ ಚಮಚ ಸಾಕು. ಗಂಟಲ ಗುಬಟು ಮೇಲೆ ಹೋಗಿ ಇಳಿಯೋದು ಕಾಣ್ಬೇಕು, ಆಮೇಲೆ ಮುಂದಿನದು. ಎಲ್ಲಿ, ನಿಮ್ಮ ಸ್ಟೂಲುಗಳೆಲ್ಲಿ?”

ಸ್ಟೂಲು ಇರಲಿಲ್ಲ. ಊಟದ ಕೋಣೆ ಅಚ್ಚುಕಟ್ಟಾಗಿ ಕಾಣಲೆಂದು ತೆಗೆಸಿ ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ಮ್ಯಾನೇಜರ್ ಬಳಿ. ಅವತ್ತು ಅವರಿಗೆ ರಜೆ. ದೊಡ್ಡಕ್ಕ ಹಿತ್ತಲಿಗೆ ಹೋಗಿ ಖಾಲಿ ಹಾಲಿನ ಕ್ರೇಟುಗಳನ್ನು ತಂದು ಬೋರಲು ಹಾಕಿದಳು.

ಮರುದಿನ ಮಧ್ಯಾಹ್ನ ಅವಳು ಟೈಲರ್ ಅಜ್ಜನ ಎದುರು ಕ್ರೇಟಿನ ಮೇಲೆ ಕೂತಳು. ಬೆನ್ನಿಗೆ ದಿಂಬು ಕೊಟ್ಟಳು, ಗದ್ದ ಇಳಿಸಿದಳು, ಅರ್ಧ ಚಮಚ ಗಂಜಿ ಬಾಯಿಗಿಟ್ಟಳು. ಸುಕ್ಕುಗಟ್ಟಿದ ಕತ್ತಿನಲ್ಲಿ ಗುಬಟು ನಿಧಾನಕ್ಕೆ ಮೇಲೇರಿತು, ಇಳಿಯಿತು. ಇನ್ನೊಂದು. ಮತ್ತೆ ಕಾದಳು. ಬಟ್ಟಲು ಬರಿದಾಗಲು ಮುಕ್ಕಾಲು ಗಂಟೆ ಹಿಡಿಯಿತು. ಅಜ್ಜ ಒಂದು ಸಲವೂ ಕೆಮ್ಮಲಿಲ್ಲ.

“ಗಂಜಿ ತಣ್ಣಗಾಗಿ ಹೋಗಿತ್ತು ಕಣಮ್ಮ,” ಎಂದ.

“ನಾಳೆ ಎರಡು ಬಟ್ಟಲಲ್ಲಿ ತರ್ತೀನಿ ಅಜ್ಜ, ಒಂದನ್ನ ಮುಚ್ಚಿಟ್ಟು.”

ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ. ಎರಡಕ್ಕೆ ಸರಿಯಾಗಿ ಪಾತ್ರೆಗಳು ಅಡುಗೆಮನೆಗೆ ವಾಪಸಾಗಬೇಕೆಂಬ ನಿಯಮವನ್ನು ಯಾರೂ ಬದಲಾಯಿಸಿರಲಿಲ್ಲ. ತಿನ್ನಿಸಿಕೊಳ್ಳಬೇಕಾದವರು ಹನ್ನೊಂದು ಜನ, ಪಾಳಿಯಲ್ಲಿದ್ದದ್ದು ನಾಲ್ಕು ಜನ. ಪಾತ್ರೆಯ ಗಾಡಿ ತಳ್ಳಿಕೊಂಡು ಬಂದ ಅಡುಗೆಯವಳು ಬಾಗಿಲಲ್ಲಿ ನಿಂತು, “ಏನ್ ದೊಡ್ಡಕ್ಕ, ಇನ್ನೂ ಆಗಿಲ್ವಾ?” ಎಂದು ಕೂಗಿದಳು.

“ಇಲ್ಲ. ನಿಂತಿರು,” ಎಂದಳು ದೊಡ್ಡಕ್ಕ. ಕ್ರೇಟನ್ನು ಕಾಲಿನಿಂದ ಪಕ್ಕದ ಕುರ್ಚಿಯ ಮುಂದೆ ಎಳೆದುಕೊಂಡು, ಬಾಯಿ ತೆರೆದು ಕಾಯುತ್ತಿದ್ದ ಮುದುಕಿಯ ಗದ್ದಕ್ಕೆ ಎರಡು ಬೆರಳಿಟ್ಟು ಮೆಲ್ಲಗೆ ಕೆಳಗಿಳಿಸಿದಳು.