ಫೋನಿನಲ್ಲಿ ಬಡಿದ ರೊಟ್ಟಿ

ಕಣ್ಣು ಮಂದವಾದ ಹಿರಿಯರಿಗೆ ವಾರಕ್ಕೊಮ್ಮೆ ಫೋನ್ ಮಾಡಿ ಮಾತಾಡುವ ಕೆಲಸವನ್ನು ಕೊಪ್ಪಳದಲ್ಲಿ ನಾವೊಂದಿಷ್ಟು ನಿವೃತ್ತರು ಹಚ್ಚಿಕೊಂಡಿದ್ದೇವೆ. ನನ್ನ ಪಾಲಿಗೆ ಬಂದವರು ಕುಕನೂರಿನ ಒಬ್ಬ ಅಜ್ಜಿ. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ದೊಡ್ಡ ದೊಡ್ಡವರ ಬಾಯಿ ಮುಚ್ಚಿಸಿದವಳು ನಾನು. ಅಜ್ಜಿಯೊಬ್ಬರಿಗೆ ಸಮಾಧಾನ ಹೇಳುವುದು ಎಷ್ಟರ ಮಾತು ಎಂದುಕೊಂಡಿದ್ದೆ.

ಮೊದಲ ಗುರುವಾರವೇ ಅವರು ಕೇಳಿದರು, "ಇವತ್ತ ಏನ್ ಅಡಗಿ ಬಾಯಾರ?"

"ರೊಟ್ಟಿ, ಪುಂಡಿಪಲ್ಯ ರೀ."

"ರೊಟ್ಟಿ ನೀವ ಬಡದ್ರ್ಯಾ?"

ಇಲ್ಲ ಎನ್ನಲು ನಾಚಿಕೆಯಾಗಿ ಹೌದು ಎಂದುಬಿಟ್ಟೆ. ನಿಜ ಹೇಳಬೇಕೆಂದರೆ ನನಗೆ ರೊಟ್ಟಿ ಬಡಿಯಲು ಬರುವುದೇ ಇಲ್ಲ. ಮೊದಲು ಅತ್ತೆ ಬಡಿಯುತ್ತಿದ್ದರು, ಈಗ ಖಾನಾವಳಿಯಿಂದ ತರುತ್ತೇವೆ.

"ನಾ ರೊಟ್ಟಿ ಬಡದು ಎರಡು ವರ್ಷ ಆತ್ರಿ," ಎಂದರು ಅಜ್ಜಿ. "ಕಣ್ಣು ಹೋದಮ್ಯಾಲ ಸೊಸಿ ಒಲಿ ಹತ್ರ ಬಿಡಂಗಿಲ್ಲ. ಸುಟ್ಟಕೋತೀರಿ ಅಂತಾಳ. ಎಲ್ಲಾರೂ ಛಲೋ ನೋಡ್ಕೋತಾರ, ಆದ್ರ ಕೈ ಸುಮ್ನ ಇರಂಗಿಲ್ರಿ. ಮುಂದಿನ ವಾರ ಬಡಿಯೂವಾಗ ಫೋನ್ ಹಚ್ರಿ, ಸಪ್ಪಳರ ಕೇಳ್ತೀನಿ."

ಸಿಕ್ಕಿಬಿದ್ದೆ. ಮುಂದಿನ ಗುರುವಾರ ಫೋನನ್ನು ಪಕ್ಕದಲ್ಲಿಟ್ಟು, ಖಾಲಿ ಮಣೆಯ ಮೇಲೆ ಅಂಗೈಯಿಂದ ಟಪಟಪ ಬಡಿದೆ.

"ಬಾಯಾರ, ಬರೇ ಮಣಿ ಬಡಿಯಾಕತ್ತೀರಿ. ಹಿಟ್ಟು ಎಲ್ಲೈತ್ರಿ?"

ಅವರು ನಕ್ಕ ರಭಸಕ್ಕೆ ಏನಾಯಿತೋ ಎಂದು ಸೊಸೆ ಓಡಿ ಬಂದಳಂತೆ. ಅಂದಿನಿಂದ ಅವರು ಗುರು, ನಾನು ಶಿಷ್ಯೆ. "ಬಲಗಡಿ ದಪ್ಪ ಉಳದೈತಿ, ತಿರುಗಿಸ್ರಿ." "ಅಂಚು ಹರೀತ ನೋಡ್ರಿ." ಪ್ರತಿ ಸಲವೂ ಅವರ ಮಾತೇ ನಿಜವಾಗುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ನಮ್ಮ ಮನೆಯವರು ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಕುಷ್ಟಗಿ ತಾಲೂಕಿನ ನಕಾಶೆ ಏನ?" ಎಂದು ಕಾಡಿಸಿದರು. ಆದರೂ ತಿಂದರು.

ಸೊಸೆ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ತಾನೇ ಫೋನ್ ತೆಗೆದುಕೊಂಡು, "ಅಕ್ಕಾರ, ನಮ್ಮ ಅತ್ತಿಯವರಿಗೆ ರೊಟ್ಟಿ ಬಡಿಯೂ ಆಸಿ ಭಾಳ ಐತಿ. ನನಗ ಹೆದರಿಕಿ ರೀ," ಎಂದಳು.

"ಬಡಿಯೂದು ಅವರು, ಹಂಚಿಗೆ ಹಾಕೂದು ನೀವು. ಅವರು ಬೆಂಕಿ ಹತ್ರ ಬರೂದ ಬ್ಯಾಡಲ್ರಿ," ಎಂದೆ.

"ನೋಡೂಣ್ರಿ," ಎಂದು ಫೋನ್ ಇಟ್ಟುಬಿಟ್ಟಳು. ಇನ್ನೊಬ್ಬರ ಅಡುಗೆಮನೆಯಲ್ಲಿ ಮೂಗು ತೂರಿಸಿದೆನೇ ಎಂದು ವಾರವೆಲ್ಲ ಕಸಿವಿಸಿ.

ಮೊನ್ನೆ ಗುರುವಾರ ನಾನು ಮಾಡುವ ಮೊದಲೇ ಅಲ್ಲಿಂದ ಫೋನ್ ಬಂತು. ಎತ್ತಿದರೆ ಮಾತಿಲ್ಲ, ಬರೀ ಟಪ್ ಟಪ್ ಸದ್ದು. ಎಲ್ಲೂ ತಡವರಿಕೆಯಿಲ್ಲ. ನಡುವೆ ಸೊಸೆಯ ದನಿ ಕೇಳಿತು: "ಅತ್ತಿ, ಸಾವಕಾಶ! ಇರೂದ ಒಂದ ಹಂಚು!" ಅಜ್ಜಿ ನಿಲ್ಲಿಸಲಿಲ್ಲ. ನನಗೆ ನಗು ಬಂತು.

"ಬಾಯಾರ, ಅಂಚು ಹರದೈತೇನ ಹೇಳ್ರಿ," ಎಂದರು ಅಜ್ಜಿ.

ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಕೇಳಿದೆ.

"ಎಲ್ಲೂ ಹರದಿಲ್ರಿ," ಎಂದೆ. ಈ ಸಲ ಸುಳ್ಳು ಹೇಳಲಿಲ್ಲ.