ನಿಂತ ಗಾಡಿಯ ಹಾಡು

ಕುಮಾಸಿ ನಗರದ ಸುವಾಮೆ ಪೇಟೆಯಲ್ಲಿ ಗಾಡಿ ರಿಪೇರಿಯವರು ಸಾವಿರಾರು ಜನ. ಕಾರ್ಬ್ಯುರೇಟರ್ ಕೆಟ್ಟರೆ ಮಾತ್ರ ಅಜಾರ್ಕೊನ ಕೈಗೇ ಕೊಡಬೇಕು ಎನ್ನುತ್ತಾರೆ ಜನ ಸಾಗಿಸುವ ಟ್ರೋಟ್ರೋ ವ್ಯಾನಿನ ಚಾಲಕರು. ತಿರುಪನ್ನು ಕಾಲು ಸುತ್ತು ಆಚೆ, ಅರ್ಧ ಸುತ್ತು ಈಚೆ ತಿರುಗಿಸಿ, ಕಿವಿಗೊಟ್ಟು ಕೇಳಿ ಸರಿ ಮಾಡುವ ಈ ವಿದ್ಯೆಯನ್ನು ಅವನಿಗೆ ಕಲಿಸಿದವನು ಸೋದರಮಾವ ಅಂಪೋಫೊ. ಬಾಯಿಂದ ಕಲಿಸಿದ್ದು ಕಡಿಮೆ, ಗುದ್ದಿ ಕಲಿಸಿದ್ದೇ ಜಾಸ್ತಿ. ಒಮ್ಮೆ ಅಜಾರ್ಕೊ ಶೆಡ್ಡಿನಲ್ಲಿ ನಿಂತ ವ್ಯಾನಿನ ಎಂಜಿನ್ನನ್ನು ಒಂದು ಕೆಮ್ಮೂ ಇಲ್ಲದ ಹಾಗೆ ಓಡಿಸಿ ಬೀಗುತ್ತಿದ್ದ. ಅದೇ ವ್ಯಾನು ಜನ ತುಂಬಿಕೊಂಡು ಮಾಂಪೊಂಗ್ ಏರು ಹತ್ತುವಾಗ ಉಸಿರು ಕಟ್ಟಿ ನಿಂತಿತು.

"ನಿಂತ ಗಾಡಿ ಹಾಡಿದ್ದಕ್ಕೆ ಕುಣೀತೀಯಲ್ಲೋ ಮಂಗ!" ಎಂದು ಮಾವ ಬೆನ್ನಿಗೊಂದು ಹಾಕಿದ್ದ. "ಜನ ಹತ್ತಿಸ್ಕೊಂಡು ಗುಡ್ಡ ಏರಿಸಿ ನೋಡು. ಆಮೇಲೆ ಕುಣಿ."

ಕೊನೆಗಾಲದಲ್ಲಿ ಬೆನ್ನು ಬಗ್ಗದಾದಾಗ ಮಾವ ಸ್ಪ್ಯಾನರ್ ಬಿಟ್ಟು ಲ್ಯಾಪ್‌ಟಾಪ್ ಹಿಡಿದ. ಯೂರೋ, ಡಾಲರನ್ನು ತಾನೇ ಕೊಂಡು ತಾನೇ ಮಾರುವ ಒಂದು ಪ್ರೋಗ್ರಾಮನ್ನು ಯಾರಿಂದಲೋ ಪಡೆದು, ಅದಕ್ಕೆ ತನ್ನ ಅಂಕಿಗಳನ್ನು ತುಂಬಿದ್ದ. ಎಷ್ಟು ಹೊತ್ತಿಗೆ ವ್ಯಾಪಾರ ಶುರು ಮಾಡಬೇಕು, ಎಷ್ಟು ನಷ್ಟವಾದರೆ ಕೈಬಿಡಬೇಕು, ಒಂದು ಸಲಕ್ಕೆ ಎಷ್ಟು ಹೂಡಬೇಕು, ಹೀಗೆ. ಆ ಯಂತ್ರ ಮೂರು ಹೆಜ್ಜೆ ಮುಂದೆ ಹೋದರೆ ಎರಡು ಹೆಜ್ಜೆ ಹಿಂದೆ ಬರುತ್ತಿತ್ತು. ಮಾವ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಉಳಿದ ಆ ಒಂದು ಹೆಜ್ಜೆಯಿಂದಲೇ ಮಗಳು ಪೊಕುವಾಳನ್ನು ನರ್ಸಿಂಗ್ ಓದಿಸುವುದು ಅವನ ಆಸೆಯಾಗಿತ್ತು. ಆಸೆ ಪೂರೈಸುವ ಮೊದಲೇ ಹೋಗಿಬಿಟ್ಟ.

ಅವರದು ಅಳಿಯಸಂತಾನ. ಸತ್ತವನ ವಸ್ತು ಹೋಗುವುದು ಮಗಳಿಗಲ್ಲ, ಅಕ್ಕನ ಮಗನಿಗೆ. ವಸ್ತುವಿನ ಜೊತೆ ಅಪ್ಪನ ಸ್ಥಾನವೂ ಹೋಗುತ್ತದೆ. ನಲವತ್ತನೆಯ ದಿನ ಹಿರಿಯರು ಲ್ಯಾಪ್‌ಟಾಪನ್ನೂ ಸ್ಪ್ಯಾನರ್ ಪೆಟ್ಟಿಗೆಯನ್ನೂ ಅಜಾರ್ಕೊನ ಮುಂದಿಟ್ಟರು. ಹುಟ್ಟಿದಾಗಿನಿಂದ ಅವನನ್ನು 'ಅಣ್ಣ' ಎನ್ನುತ್ತಿದ್ದ ಹತ್ತೊಂಬತ್ತರ ಪೊಕುವಾ, ಸಾವಿನ ಕೆಂಪು ಬಟ್ಟೆಯಲ್ಲೇ ಬಂದು ನಿಂತು, 'ಅಪ್ಪಾ' ಎಂದಳು. ಅದು ಸಂಪ್ರದಾಯದ ಮಾತು, ಎಲ್ಲ ಮನೆಗಳಲ್ಲೂ ಅನ್ನುವಂಥದ್ದೇ. ಆದರೆ ಅಜಾರ್ಕೊನಿಗೆ ಮಕ್ಕಳಿರಲಿಲ್ಲ. ಅವನು ಆ ಮಾತನ್ನು ನಿಜವೆಂದೇ ಹಿಡಿದ. ಈ ಹುಡುಗಿಯನ್ನು ಓದಿಸಿಯೇ ಸೈ ಎಂದು ಅಲ್ಲೇ ನಿಶ್ಚಯಿಸಿದ.

ಮಾವನ ಅಂಕಿಗಳ ನಡಿಗೆಯಲ್ಲಿ ಹೋದರೆ ಕಾಲೇಜಿನ ಹಣ ಕೂಡಲು ಇನ್ನೂ ಎರಡು ವರ್ಷ ಬೇಕಿತ್ತು. ಪೊಕುವಾ ತಾಯಿಯ ಜೊತೆ ಸಂತೆಯಲ್ಲಿ ಗೆಣಸು ಮಾರುತ್ತಿದ್ದಳು. ಪಕ್ಕದ ಶೆಡ್ಡಿನ ಡಾರ್ಟೆ ಸುಮ್ಮನಿರುವ ಪ್ರಾಣಿಯಲ್ಲ. "ಏನಪ್ಪಾ ಅಜಾರ್ಕೊ, ಪೆಟ್ಟಿಗೆ ಬಂತು, ಅಪ್ಪನ ಪಟ್ಟನೂ ಬಂತು. ಮಗಳು ಮಾತ್ರ ಇನ್ನೂ ಬಿಸಿಲಲ್ಲಿ ಗೆಣಸು ಎಣಿಸ್ತಾವ್ಳೆ!" ಎಂದ. ಆ ಮಾತು ನಾಟಿತು.

ಯಂತ್ರದಲ್ಲಿ ಇನ್ನೊಂದು ಸೌಲಭ್ಯವಿತ್ತು. ಅಂಕಿಗಳನ್ನು ಬದಲಿಸಿ, ಹಿಂದಿನ ಎರಡು ವರ್ಷದ ದರಗಳ ಮೇಲೆ ಓಡಿಸಿ, ಆಗ ಎಷ್ಟು ಗಳಿಕೆಯಾಗುತ್ತಿತ್ತೆಂದು ನೋಡಬಹುದಿತ್ತು. ಅಜಾರ್ಕೊ ಭಾನುವಾರ ಚರ್ಚು ಮುಗಿಸಿ ಬಂದವನೇ ಅದರ ಮುಂದೆ ಕೂರುತ್ತಿದ್ದ. ತಿರುಪು ತಿರುಗಿಸಿದ ಹಾಗೆ ಒಂದು ಅಂಕಿಯನ್ನು ಏರಿಸುವುದು, ಇನ್ನೊಂದನ್ನು ಇಳಿಸುವುದು. ಆರು ಭಾನುವಾರ ಕಳೆದವು. ಆ ಎರಡು ವರ್ಷಗಳಲ್ಲಿ ಬಿದ್ದ ದರವೆಲ್ಲ ಮತ್ತೆ ಎದ್ದಿತ್ತು. ಹಾಗಾದರೆ ನಷ್ಟಕ್ಕೆ ಹೆದರಿ ಕೈಬಿಡುವುದೇಕೆ? ಆ ಅಂಕಿಯನ್ನೇ ಸೊನ್ನೆ ಮಾಡಿದ; ಸೊನ್ನೆ ಇಟ್ಟರೆ ಎಷ್ಟೇ ನಷ್ಟವಾದರೂ ಯಂತ್ರ ಕೈಬಿಡುವುದಿಲ್ಲ. ಹೂಡಿಕೆಯನ್ನು ಮೂರು ಪಟ್ಟು ಮಾಡಿದ. ಪರದೆಯ ಮೇಲೆ ಗೆರೆ ಒಂದು ತೊಡರೂ ಇಲ್ಲದೆ ಮೇಲೇರಿತು. ಪೊಕುವಾಳನ್ನು ಕರೆದು ತೋರಿಸಿದ.

ಅವಳು ಬಗ್ಗಿ ನೋಡಿದಳು. "ಇದೆಲ್ಲ ಆಗೋಗಿರೋ ದರ ಅಲ್ವಾ, ಅಪ್ಪಾ?"

"ಹೂಂ. ಎರಡು ವರ್ಷದ್ದು ಒಂದಿನಾನೂ ಬಿಟ್ಟಿಲ್ಲ."

"ಅಪ್ಪ ಇದ್ದಾಗ ಗೆರೆ ಬೀಳ್ತಾ ಏಳ್ತಾ ಹೋಗ್ತಿತ್ತು. ಹಾಗೇ ಇರ್ಲಿ ಬಿಡಿ. ನಂಗೇನು ಆತುರ ಇಲ್ಲ."

"ನಿಂಗಿಲ್ಲ, ನಂಗಿದೆ," ಎಂದು ಅಜಾರ್ಕೊ ನಕ್ಕ. "ಬರೋ ತಿಂಗಳು ಬಿಳೀ ಸಮವಸ್ತ್ರಕ್ಕೆ ಅಳತೆ ಕೊಟ್ಟು ಬಾ." ಮಾವನ ಅಂಕಿಗಳ ಮೇಲೆಯೇ ತನ್ನವನ್ನು ತುಂಬಿ ಉಳಿಸಿದ.

ಎರಡು ವಾರ ಗಳಿಕೆ ಏರಿತು. ಡಾರ್ಟೆಗೂ ಹುರಿದ ಮೀನು, ಕೆಂಕೆ ಎಂಬ ಮೆಕ್ಕೆಜೋಳದ ಕಡುಬು ಕೊಡಿಸಿದ. ಮೂರನೆಯ ವಾರ, ಬುಧವಾರ ಮಧ್ಯಾಹ್ನ, ಎಲ್ಲೋ ದೂರದ ದೇಶದಲ್ಲಿ ಬಡ್ಡಿದರ ಬದಲಾಯಿತಂತೆ, ಯೂರೋ ಕುಸಿಯಿತು. ಯಂತ್ರ ಕೊಂಡಿತು. ಇನ್ನೂ ಕುಸಿಯಿತು, ಇನ್ನೂ ಕೊಂಡಿತು. ಕೈಬಿಡುವುದನ್ನು ಅದಕ್ಕೆ ಯಾರೂ ಹೇಳಿರಲಿಲ್ಲವಲ್ಲ. ಗ್ರೀಸ್ ಕೈಯಲ್ಲೇ ಅಜಾರ್ಕೊ ಮೊಬೈಲ್ ತೆಗೆದು ನೋಡುವಷ್ಟರಲ್ಲಿ, ಮಾವ ಬಿಟ್ಟುಹೋದ ಹಣವೂ ಸೇರಿ, ಖಾತೆ ಬರಿದಾಗಿತ್ತು. ಎದುರಿಗೆ ಒಂದು ವ್ಯಾನು, ಆಗತಾನೇ ಅವನೇ ಸರಿ ಮಾಡಿದ್ದು, ನಿಂತಲ್ಲೇ ಇಂಪಾಗಿ ಓಡುತ್ತಿತ್ತು. ಮಾವನ ಗುದ್ದು ನೆನಪಾಯಿತು. ಇಪ್ಪತ್ತು ವರ್ಷದಿಂದ ಕೈಗೆ ಗೊತ್ತಿದ್ದದ್ದು ತಲೆಗೆ ಹೊಳೆಯದೆ ಹೋಯಿತಲ್ಲ ಎಂದುಕೊಂಡು, ಎಂಜಿನ್ ಆರಿಸಿದ.

ಕೈಯನ್ನೂ ತೊಳೆಯದೆ ಸಂತೆಗೆ ನಡೆದ. ಪೊಕುವಾ ಗೆಣಸಿನ ಗುಡ್ಡೆ ಜೋಡಿಸುತ್ತಿದ್ದಳು.

"ಎಲ್ಲ ಹೋಯ್ತು ಕಣಮ್ಮ. ನಾನೇ ಕಳೆದೆ."

ಅವಳು ಕೈಯಲ್ಲಿದ್ದ ಗೆಣಸನ್ನು ಮೆಲ್ಲಗೆ ಕೆಳಗಿಟ್ಟಳು. ಅವನಿಗೆ ಸ್ಟೂಲು ಸರಿಸಿದಳು. ಆಮೇಲೆ ಕೇಳಿದಳು:

"ಅಪ್ಪನ ಅಂಕಿ ಎಲ್ಲಾದ್ರೂ ಬರೆದಿಟ್ಟಿದ್ರಾ?"

"ಇಲ್ಲ. ಅದರ ಮೇಲೇ ನಂದು ಬರೆದುಬಿಟ್ಟೆ."

ಹಣ ಹೋಯಿತೆಂದಾಗ ಅಳದವಳು ಇದಕ್ಕೆ ಅತ್ತಳು. ಆ ಅಂಕಿಗಳನ್ನು ಕೂಡಿಸುವಾಗ ಅವಳಪ್ಪ ಪಕ್ಕದಲ್ಲಿ ಅವಳನ್ನೇ ಕೂರಿಸಿಕೊಳ್ಳುತ್ತಿದ್ದನಂತೆ. ಅಜಾರ್ಕೊ ತಲೆ ತಗ್ಗಿಸಿ ಕೂತ. ಅವಳು ಬೈಯಲಿ, ಸಂತೆಯ ಜನರೆಲ್ಲ ತಿರುಗಿ ನೋಡುವಂತೆ ಬೈಯಲಿ ಎಂದು ಕಾದ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಅವನ ಹೆಗಲು ಮುಟ್ಟಿದಳು.

"ಹೋಗ್ಲಿ ಬಿಡಿ ಅಣ್ಣಾ. ನೀವೇನು ಬೇಕಂತ ಮಾಡಿದ್ದಾ?"

ಯಾರೋ ಗಿರಾಕಿ ಬೆಲೆ ಕೇಳಿದರು. ಅವಳು ಅತ್ತ ತಿರುಗಿದಳು. ತಾನು ಏನೆಂದು ಕರೆದೆ ಎಂಬುದು ಅವಳ ಗಮನಕ್ಕೂ ಬಂದಿರಲಿಕ್ಕಿಲ್ಲ. ಅಜಾರ್ಕೊನಿಗೆ ಮಾತ್ರ ಆ 'ಅಣ್ಣಾ' ಕೇಳಿಸಿತ್ತು. ಬೈದಿದ್ದರೆ, ಅಪ್ಪನಾಗಿಯೇ ಬೈಸಿಕೊಳ್ಳುತ್ತಿದ್ದ.